ಸಾಲದ ಕಾರ್ಡಿನ ಸವಲತ್ತು ಕಡಿತ ಮತ್ತು ಗ್ರಾಹಕರ ಪ್ರತಿಕ್ರಿಯೆ: ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ನೆಲೆಯಿಂದ ಒಂದು ವಿವೇಚನೆ

ಬ್ಯಾಂಕೊಂದು ತಾನು ಒಮ್ಮೆ ಕೊಟ್ಟ ಸವಲತ್ತನ್ನು ಹಿಂದೆಗೆದುಕೊಂಡಾಗ ಗ್ರಾಹಕರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಗಮನವನ್ನು ಸೆಳೆಯತಕ್ಕ ಪ್ರಶ್ನೆಯಾಗಿದೆ. ಕ್ರೆಡಿಟ್ ಕಾರ್ಡುಗಳ ಮೇಲಿನ ಬಹುಮಾನದ ಅಂಕಗಳು, ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ಪ್ರವೇಶ, ಉಚಿತ ಅಪಘಾತ ವಿಮೆ ಮೊದಲಾದವು 2023ರಿಂದೀಚೆಗೆ ಒಂದೊಂದಾಗಿ ಮೊಟಕುಗೊಂಡಿವೆ. ಇದನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಮಹಾನಗರದ ಗ್ರಾಹಕನನ್ನೇ ಕಣ್ಣಮುಂದಿಟ್ಟುಕೊಂಡು ನಡೆದಿದೆ. ಪ್ರಸ್ತುತ ಲೇಖನದಲ್ಲಿ ಅದೇ ಪ್ರಶ್ನೆಯನ್ನು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ನೆಲೆಯಿಂದ ವಿವೇಚಿಸಲು ಯತ್ನಿಸಲಾಗಿದೆ.

ಈ ಮೂರು ತಾಲೂಕುಗಳು ಬಹುತೇಕ ಎರೆ ಭೂಮಿಯ ನಾಡು. ಹೆಸರು, ಉಳ್ಳಾಗಡ್ಡಿ, ಗೋವಿನಜೋಳ, ಹತ್ತಿ, ಬಿಳಿಜೋಳ, ಕಡಲೆ ಇಲ್ಲಿನ ಮುಖ್ಯ ಬೆಳೆಗಳು. ನರಗುಂದದ ಸೀಮೆಗೂ ರೋಣದ ಕೆಲಭಾಗಕ್ಕೂ ಮಲಪ್ರಭೆಯ ಕಾಲುವೆ ಬಂದಿದೆ. ಉಳಿದೆಡೆ ಮಳೆಯೇ ಆಧಾರ. ಗಜೇಂದ್ರಗಡವು ಹಿಂದಿನಿಂದಲೂ ನೇಕಾರಿಕೆಗೆ ಹೆಸರಾದ ಊರು. ರೋಣ ತಾಲೂಕಿನಿಂದ ಬೇರ್ಪಟ್ಟು ಅದು ಪ್ರತ್ಯೇಕ ತಾಲೂಕಾದುದು ಈಚೆಗೆ. ಇಂಥ ಪ್ರದೇಶದಲ್ಲಿ ಸಾಲದ ಕಾರ್ಡೆಂಬುದು ಎರಡು ಬಗೆಯದು. ಅಧ್ಯಾಪಕರು, ನೌಕರರು, ವ್ಯಾಪಾರಸ್ಥರು ಬಳಸುವ ಸಾಮಾನ್ಯ ಕ್ರೆಡಿಟ್ ಕಾರ್ಡ್ ಒಂದು. ರೈತನ ಕಿಸಾನ್ ಕ್ರೆಡಿಟ್ ಕಾರ್ಡ್ ಇನ್ನೊಂದು. ಎರಡಕ್ಕೂ ಸವಲತ್ತುಗಳಿವೆ, ಎರಡರ ಸವಲತ್ತುಗಳೂ ಕಡಿತಕ್ಕೆ ಒಳಗಾಗಿವೆ. ಆದರೆ ಮೊದಲನೆಯದರ ಕಡಿತಕ್ಕೆ ಗದ್ದಲವೆದ್ದಿತು. ಎರಡನೆಯದರ ಕಡಿತವು ಅನೇಕವೇಳೆ ಸದ್ದಿಲ್ಲದೆ ನಡೆಯಿತು. ದೂರು ಕೇಳಿಬರದಿದ್ದ ಮಾತ್ರಕ್ಕೆ ಗ್ರಾಹಕನು ಕಡಿತಕ್ಕೆ ಸಮ್ಮತಿಸಿದನೆಂದು ತಿಳಿಯುವುದು ತಪ್ಪು ಎಂಬುದೇ ಈ ಲೇಖನದ ಪ್ರತಿಪಾದನೆ.

ಸವಲತ್ತಿನ ಹಣದ ಮೂಲ

ಸವಲತ್ತಿನ ಕಡಿತವನ್ನು ಅರಿಯಬೇಕಾದರೆ ಮೊದಲು ಸವಲತ್ತಿನ ಹಣ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಬೇಕು. ಸಾಮಾನ್ಯ ಕ್ರೆಡಿಟ್ ಕಾರ್ಡಿನಿಂದ ಗ್ರಾಹಕನು ಅಂಗಡಿಯಲ್ಲಿ ಹಣ ತೆತ್ತಾಗ ಅಂಗಡಿಕಾರನಿಗೆ ಪೂರ್ಣ ಮೊತ್ತ ಸೇರುವುದಿಲ್ಲ. ಅದರ ಒಂದು ಸಣ್ಣ ಅಂಶವು ಶುಲ್ಕವಾಗಿ ಮುರಿದುಕೊಂಡು, ಬಹುಪಾಲು ಕಾರ್ಡ್ ನೀಡಿದ ಬ್ಯಾಂಕಿಗೆ ಸಲ್ಲುತ್ತದೆ. ವಾರ್ಷಿಕ ಶುಲ್ಕ ಎರಡನೆಯ ಆದಾಯ. ವಾಯಿದೆಯೊಳಗೆ ಪೂರ್ಣ ಬಾಕಿ ತೀರಿಸದ ಗ್ರಾಹಕರಿಂದ ಬರುವ ಬಡ್ಡಿ ಮೂರನೆಯದು. ತಿಂಗಳಿಗೆ ಶೇ. 3.5ರಂತೆ ಬಡ್ಡಿ ಹಾಕಿದರೆ ಸರಳ ಲೆಕ್ಕದಲ್ಲಿಯೇ ವರ್ಷಕ್ಕೆ ಶೇ. 42 ಆಗುತ್ತದೆ. ಹೀಗೆ ಬಾಕಿ ಉಳಿಸಿಕೊಂಡವನ ಬಡ್ಡಿಯಿಂದಲೂ ಅಂಗಡಿಕಾರನ ಶುಲ್ಕದಿಂದಲೂ ಕೂಡಿದ ಹಣದ ಒಂದು ಭಾಗವೇ, ಸಕಾಲಕ್ಕೆ ತೀರಿಸುವ ಜಾಣ ಗ್ರಾಹಕನಿಗೆ ಬಹುಮಾನದ ಅಂಕವಾಗಿ ಹಿಂದಿರುಗುತ್ತದೆ.

ಈ ಆದಾಯ ಕುಗ್ಗಿದಾಗ, ಅಥವಾ ಬಂಡವಾಳದ ವೆಚ್ಚ ಹೆಚ್ಚಿದಾಗ, ಸವಲತ್ತು ಮೊದಲು ಕತ್ತರಿಗೆ ಸಿಕ್ಕುತ್ತದೆ. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಗಳ ಅಪಾಯದ ತೂಕವನ್ನು ಶೇ. 125ರಿಂದ ಶೇ. 150ಕ್ಕೆ ಏರಿಸಿತು. ಅಂದರೆ ಅಷ್ಟೇ ಸಾಲಕ್ಕೆ ಬ್ಯಾಂಕು ಮೊದಲಿಗಿಂತ ಹೆಚ್ಚು ಸ್ವಂತ ಬಂಡವಾಳವನ್ನು ತೆಗೆದಿಡಬೇಕಾಯಿತು. ಕಡಿತದ ಕಾರಣಗಳಲ್ಲಿ ಇದೂ ಒಂದು. ಸವಲತ್ತನ್ನು ಎಣಿಸಿದ್ದಕ್ಕಿಂತ ಹೆಚ್ಚಾಗಿ ಬಳಸಿಕೊಂಡ ಗ್ರಾಹಕರ ಜಾಣ್ಮೆ ಮತ್ತೊಂದು.

ಕಿಸಾನ್ ಕ್ರೆಡಿಟ್ ಕಾರ್ಡಿನ ಸವಲತ್ತಿಗೆ ಮೂಲವೇ ಬೇರೆ. ಅಲ್ಲಿ ರಿಯಾಯಿತಿಯ ಹಣ ಕೇಂದ್ರ ಮತ್ತು ರಾಜ್ಯ ಸರಕಾರಗಳ ಬೊಕ್ಕಸದಿಂದ ಬರುತ್ತದೆ. ಬ್ಯಾಂಕು ಅಥವಾ ಸಹಕಾರ ಸಂಘ ಅದನ್ನು ತಲುಪಿಸುವ ಕೈ ಮಾತ್ರ. ಆದುದರಿಂದ ಕಡಿತವಾದಾಗ ರೈತನು ಯಾರನ್ನು ಕೇಳಬೇಕೆಂಬುದೇ ಅಸ್ಪಷ್ಟವಾಗುತ್ತದೆ.

ಘೋಷಿತ ಕಡಿತ

ಸಾಮಾನ್ಯ ಕಾರ್ಡುಗಳಲ್ಲಿ ಆದ ಕಡಿತಗಳಿಗೆ ಕೆಲವು ನಿದರ್ಶನಗಳನ್ನು ಕೊಡಬಹುದು. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ ತಿಂಗಳಿಗೆ 1 ಲಕ್ಷ ರೂಪಾಯಿ ಖರ್ಚು ಮಾಡಿದವರಿಗೆ ದೊರೆಯುತ್ತಿದ್ದ 25,000 ಅಂಕಗಳ ಕೊಡುಗೆ 2023ರ ಸೆಪ್ಟೆಂಬರ್ 1ರಿಂದ ನಿಂತಿತು. ವಾರ್ಷಿಕ ಶುಲ್ಕ 10,000 ರೂಪಾಯಿಯಿಂದ 12,500 ರೂಪಾಯಿಗೆ ಏರಿತು. ಎಚ್.ಡಿ.ಎಫ್.ಸಿ. ಬ್ಯಾಂಕಿನ ರೆಗಾಲಿಯಾ ಕಾರ್ಡಿನವರು ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಬಳಸಬೇಕಾದರೆ ಮೂರು ತಿಂಗಳ ಅವಧಿಯಲ್ಲಿ 1 ಲಕ್ಷ ರೂಪಾಯಿ ಖರ್ಚು ಮಾಡಿರಬೇಕೆಂಬ ನಿಬಂಧನೆ 2023ರ ಡಿಸೆಂಬರ್ 1ರಿಂದ ಬಂದಿತು. ಎಸ್.ಬಿ.ಐ. ಕಾರ್ಡ್ ಸಂಸ್ಥೆಯು ತನ್ನ ಕೆಲವು ಮೇಲ್ದರ್ಜೆಯ ಕಾರ್ಡುಗಳ ಮೇಲಿದ್ದ 1 ಕೋಟಿ ರೂಪಾಯಿಗಳ ಉಚಿತ ವಿಮಾನ ಅಪಘಾತ ವಿಮೆಯನ್ನು 2025ರ ಜುಲೈ 15ರಿಂದ ನಿಲ್ಲಿಸಿತು.

ಇಂಥ ಕಡಿತಕ್ಕೆ ಗ್ರಾಹಕನು ತೋರಬಹುದಾದ ಪ್ರತಿಕ್ರಿಯೆಗಳನ್ನು ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞನು 1970ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನಿರ್ಗಮನ, ಅಹವಾಲು, ನಿಷ್ಠೆ ಎಂಬ ಮೂರು ಪದಗಳ ಮೂಲಕ ವಿವರಿಸಿದ್ದಾನೆ. ಬೇಡವಾದವನು ಬಿಟ್ಟುಹೋಗುತ್ತಾನೆ, ಬಿಡಲೊಲ್ಲದವನು ಆಕ್ಷೇಪಿಸುತ್ತಾನೆ, ಸಂಸ್ಥೆಯಲ್ಲಿ ವಿಶ್ವಾಸವಿದ್ದವನು ಕಾಯುತ್ತಾನೆ. ನಗರದ ಕಾರ್ಡ್ ಗ್ರಾಹಕನಿಗೆ ನಿರ್ಗಮನ ಸುಲಭ. ಅವನನ್ನು ಬರಮಾಡಿಕೊಳ್ಳಲು ಹತ್ತು ಬ್ಯಾಂಕುಗಳು ಸಿದ್ಧವಾಗಿರುತ್ತವೆ. ಕಾನೂನೂ ಅವನ ಬೆನ್ನಿಗಿದೆ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿದ ನಿರ್ದೇಶನಗಳಲ್ಲಿ, ಶುಲ್ಕಗಳನ್ನು ಬದಲಿಸುವ ಮೊದಲು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಕೊಡಬೇಕೆಂದೂ, ಬದಲಾವಣೆಯನ್ನು ಒಪ್ಪದೆ ಕಾರ್ಡನ್ನು ಹಿಂದಿರುಗಿಸುವವನಿಂದ ಹೆಚ್ಚಿನ ಹಣ ಕೇಳಬಾರದೆಂದೂ, ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕೆಂದೂ ವಿಧಿಸಲಾಯಿತು.

ರೋಣ, ಗಜೇಂದ್ರಗಡಗಳ ನೌಕರನಿಗೆ ಈ ಸವಲತ್ತುಗಳು ಹೇಗೆ ಕಾಣುತ್ತವೆ? ವಿಮಾನವೇರಬೇಕಾದರೆ ಅವನು ಮೊದಲು ಹುಬ್ಬಳ್ಳಿಗೆ ಹೋಗಬೇಕು. ವರ್ಷಕ್ಕೊಮ್ಮೆಯೂ ಬಳಸದ ವಿಶ್ರಾಂತಿ ಕೊಠಡಿಯ ಬಾಗಿಲು ಮುಚ್ಚಿದರೆ ಅವನಿಗೆ ನಷ್ಟವೇನೂ ಇಲ್ಲ. ಇಂಧನದ ಮೇಲಿನ ರಿಯಾಯಿತಿ, ವಿದ್ಯುತ್ ಬಿಲ್ಲಿನ ಮೇಲಿನ ಅಂಕ, ಕಂತಿನ ಖರೀದಿ ಇವೇ ಅವನಿಗೆ ಮುಖ್ಯ. ಇವುಗಳಲ್ಲಿ ವ್ಯತ್ಯಾಸವಾದಾಗ ಅವನು ಸಾಮಾನ್ಯವಾಗಿ ಕಾರ್ಡನ್ನು ಮುಚ್ಚದೆ ಪೆಟ್ಟಿಗೆಯಲ್ಲಿಟ್ಟು, ಮೊಬೈಲಿನ ಯು.ಪಿ.ಐ. ಪಾವತಿಗೆ ಹೊರಳಿಕೊಳ್ಳಬಲ್ಲನು. ಬ್ಯಾಂಕಿನ ಲೆಕ್ಕದಲ್ಲಿ ಅವನು ಇನ್ನೂ ಗ್ರಾಹಕ. ವಾಸ್ತವವಾಗಿ ಅವನು ನಿರ್ಗಮಿಸಿದ್ದಾನೆ. ಮೌನವು ಸಮ್ಮತಿಯಲ್ಲವೆಂಬ ಮಾತಿಗೆ ಇದು ಮೊದಲನೆಯ ಉದಾಹರಣೆ.

ನಿಬಂಧನೆಯ ಕಡಿತ

ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯು ಆರ್.ವಿ. ಗುಪ್ತಾ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ 1998-99ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾಗಿ, ನಬಾರ್ಡ್ ರೂಪಿಸಿದ ಮಾದರಿಯಂತೆ ಜಾರಿಗೆ ಬಂದಿತು. 2012ರಲ್ಲಿ ಪರಿಷ್ಕೃತವಾದ ಯೋಜನೆಯ ಪ್ರಕಾರ ಕಾರ್ಡಿನ ಅವಧಿ ಐದು ವರ್ಷ. ಬೆಳೆಯ ಖರ್ಚಿನ ಮೇಲೆ ಶೇ. 10ರಷ್ಟನ್ನು ಕೊಯ್ಲಿನ ನಂತರದ ಮತ್ತು ಮನೆಯ ಖರ್ಚಿಗೆಂದು, ಶೇ. 20ರಷ್ಟನ್ನು ಕೃಷಿ ಸಲಕರಣೆಗಳ ದುರಸ್ತಿಗೆಂದು ಸೇರಿಸಿ ಮಿತಿಯನ್ನು ಗೊತ್ತುಪಡಿಸಲಾಗುತ್ತದೆ. ಸಾಲಕ್ಕಾಗಿ ಪ್ರತಿ ಹಂಗಾಮಿನಲ್ಲೂ ಹೊಸ ಅರ್ಜಿ ಹಿಡಿದು ಅಲೆಯುವುದನ್ನು ಇದು ತಪ್ಪಿಸಿತು.

ಈ ಕಾರ್ಡಿನ ಮುಖ್ಯ ಸವಲತ್ತೆಂದರೆ ಬಡ್ಡಿಯ ರಿಯಾಯಿತಿ. 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆ ಸಾಲವನ್ನು ಶೇ. 7ರ ದರದಲ್ಲಿ ಕೊಡುವ ಕೇಂದ್ರದ ಯೋಜನೆ 2006-07ರಲ್ಲಿ ಆರಂಭವಾಯಿತು. ಸಕಾಲಕ್ಕೆ ಮರುಪಾವತಿ ಮಾಡಿದವರಿಗೆ ಪ್ರೋತ್ಸಾಹಕವಾಗಿ 2009-10ರಲ್ಲಿ ಶೇ. 1, ಮರುವರ್ಷ ಶೇ. 2, 2011-12ರಿಂದ ಶೇ. 3ರಷ್ಟು ಕಡಿಮೆ ಮಾಡಲಾಯಿತು. ಹೀಗೆ ನಿಷ್ಠೆಯಿಂದ ತೀರಿಸುವವನಿಗೆ ಬಡ್ಡಿ ಶೇ. 4ಕ್ಕೆ ಇಳಿಯಿತು. ಕರ್ನಾಟಕದ ಸಹಕಾರ ಸಂಘಗಳಲ್ಲಿ ರಾಜ್ಯ ಸರಕಾರವು ಉಳಿದ ಬಡ್ಡಿಯನ್ನೂ ತಾನೇ ಹೊತ್ತು ಶೂನ್ಯ ಬಡ್ಡಿಯ ಸಾಲವನ್ನು ಕೊಡಿಸಿತು. 2023-24ರ ಆಯವ್ಯಯದಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು.

ಈ ಸವಲತ್ತು ಒಂದು ದಿನಾಂಕಕ್ಕೆ ಕಟ್ಟಿಬಿದ್ದಿದೆ. ವಾಯಿದೆಯ ದಿನ ದಾಟಿದರೆ ಪ್ರೋತ್ಸಾಹಕ ಪೂರ್ತಿಯಾಗಿ ಇಲ್ಲವಾಗುತ್ತದೆ. 3 ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇ. 4ರಂತೆ ಬಡ್ಡಿ 12,000 ರೂಪಾಯಿ, ಶೇ. 7ರಂತೆ 21,000 ರೂಪಾಯಿ. ಒಂದು ದಿನದ ವಿಳಂಬದ ಬೆಲೆ 9,000 ರೂಪಾಯಿ. ನೂರಕ್ಕೆ ಒಂದು ರೂಪಾಯಿ ಹಿಂದಿರುಗಿಸುವ ಸಾಮಾನ್ಯ ಕಾರ್ಡಿನಲ್ಲಿ ಇಷ್ಟೇ ಲಾಭ ಪಡೆಯಬೇಕಾದರೆ ಗ್ರಾಹಕನು 9 ಲಕ್ಷ ರೂಪಾಯಿ ಖರ್ಚು ಮಾಡಬೇಕಾಗುತ್ತದೆ. ಯಾವ ಕಾರ್ಡಿನ ಸವಲತ್ತು ನಿಜವಾಗಿ ದೊಡ್ಡದೆಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ಎರೆ ಭೂಮಿಯಲ್ಲಿ ಹಿಂಗಾರಿ ಕಡಲೆ ಸಾಮಾನ್ಯವಾಗಿ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಕೈಗೆ ಬರುತ್ತದೆ. ರಾಶಿಯಾದೊಡನೆ ಮಾರಿದರೆ ಬೆಲೆ ಕಡಿಮೆ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಕೊಟ್ಟರೆ ಹಣ ಖಾತೆಗೆ ಸೇರುವಷ್ಟರಲ್ಲಿ ವಾಯಿದೆ ಮೀರಬಹುದು. ಆಗ ರೈತನು ಪರಿಚಿತ ಸಾಹುಕಾರನಿಂದಲೋ ದಲಾಲರ ಅಂಗಡಿಯಿಂದಲೋ ಕೆಲವು ದಿನಗಳ ಮಟ್ಟಿಗೆ ಕೈಗಡ ತಂದು, ಸಾಲ ತುಂಬಿ, ಹೊಸ ಸಾಲ ಎತ್ತಿ ಕೈಗಡ ತೀರಿಸುವುದು ದೇಶದ ಹಲವೆಡೆ ಕಂಡುಬರುವ ರೂಢಿ. ಬ್ಯಾಂಕಿನ ದಾಖಲೆಯಲ್ಲಿ ಇದು ಸಕಾಲದ ಮರುಪಾವತಿ. ಯಾವ ಖಾಸಗಿ ಸಾಲದಿಂದ ರೈತನನ್ನು ಬಿಡಿಸಬೇಕೆಂದು ಈ ಯೋಜನೆ ಹುಟ್ಟಿತೋ ಅದೇ ಸಾಲ ಯೋಜನೆಯ ಸವಲತ್ತನ್ನು ಉಳಿಸಿಕೊಳ್ಳುವ ಸಾಧನವಾಗಿರುವುದು ಆ ದಾಖಲೆಯಲ್ಲಿ ಕಾಣುವುದಿಲ್ಲ.

2020ರಲ್ಲಿ ಇನ್ನೊಂದು ನಿಬಂಧನೆ ಸೇರಿತು. ಬಡ್ಡಿ ರಿಯಾಯಿತಿಯನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಖಾತೆಗಳಿಗೆ ಮಾತ್ರ ಸೀಮಿತಗೊಳಿಸಲಾಯಿತು. ಅದುವರೆಗೆ ಕಾರ್ಡಿಲ್ಲದೆ, ಆಭರಣ ಒತ್ತೆಯಿಟ್ಟು ಪಡೆಯುತ್ತಿದ್ದ ಅಲ್ಪಾವಧಿ ಕೃಷಿ ಸಾಲಕ್ಕೆ ಆ ಸವಲತ್ತು ನಿಂತಿತು. ಕೃಷಿಯ ಹೆಸರಿನಲ್ಲಿ ಬೇಸಾಯಗಾರರಲ್ಲದವರೂ ಅಗ್ಗದ ಸಾಲ ಪಡೆಯುವುದನ್ನು ತಡೆಯಲು ಇದು ಅವಶ್ಯಕವೆಂಬ ವಾದ ನ್ಯಾಯವಾದುದೇ. ಆದರೆ ಪಹಣಿಯಲ್ಲಿ ಹೆಸರಿಲ್ಲದೆ ಮಾತಿನ ಮೇಲೆ ಲಾವಣಿ ಮಾಡುವವರಿಗೂ, ಜಮೀನು ಗಂಡನ ಹೆಸರಿನಲ್ಲಿದ್ದು ಕೊರಳಿನ ಬಂಗಾರ ಮಾತ್ರ ತಮ್ಮದಾಗಿರುವ ಹೆಣ್ಣುಮಕ್ಕಳಿಗೂ ಕಾರ್ಡು ಪಡೆಯುವ ದಾರಿ ಸುಗಮವಾಗಿಲ್ಲ. ಅವರ ಆಕ್ಷೇಪಕ್ಕೆ ಯಾವ ಕೌಂಟರೂ ಇರಲಿಲ್ಲ.

ಹಾನಿಯ ಅಳತೆ

ಒಂದೇ ಮೊತ್ತದ ಹಾನಿ ಒಮ್ಮೆ ಸಹ್ಯವಾಗಿಯೂ ಇನ್ನೊಮ್ಮೆ ಅನ್ಯಾಯವಾಗಿಯೂ ತೋರುವುದೇಕೆ? ಕಾನೆಮನ್, ನೆಟ್ಷ್, ಥೇಲರ್ ಎಂಬ ವಿದ್ವಾಂಸರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆನಡಾದ ಜನರಿಗೆ ದೂರವಾಣಿಯ ಮೂಲಕ ಒಂದು ಪ್ರಶ್ನೆ ಕೇಳಿದರು. ಕಾರುಗಳಿಗೆ ಕೊರತೆ ಬಂದಾಗ, ಮುದ್ರಿತ ಬೆಲೆಗೆ ಮಾರುತ್ತಿದ್ದ ವ್ಯಾಪಾರಿ ಅದರ ಮೇಲೆ 200 ಡಾಲರ್ ಹೆಚ್ಚು ಕೇಳಿದರೆ ಅನ್ಯಾಯವೆಂದವರು ಶೇ. 71. ಮೊದಲಿನಿಂದ 200 ಡಾಲರ್ ರಿಯಾಯಿತಿ ಕೊಡುತ್ತಿದ್ದವನು ಅದನ್ನು ನಿಲ್ಲಿಸಿ ಮುದ್ರಿತ ಬೆಲೆಗೆ ಮಾರಿದರೆ ಒಪ್ಪಬಹುದೆಂದವರು ಶೇ. 58. ಜೇಬಿನಿಂದ ಹೋದ ಹಣ ಎರಡರಲ್ಲೂ ಒಂದೇ. ಜನರು ಯಾವುದನ್ನು ಸಹಜ ಬೆಲೆಯೆಂದು ಗ್ರಹಿಸಿದ್ದಾರೋ ಅದರಿಂದ ಅಳೆಯುತ್ತಾರೆ.

ಈ ಸೂತ್ರವನ್ನು ನಮ್ಮ ಸಂದರ್ಭಕ್ಕೆ ಅನ್ವಯಿಸಿ ನೋಡಬಹುದು. ಬಹುಮಾನದ ಅಂಕವನ್ನು ಗ್ರಾಹಕನು ಮೇಲು ಕೊಡುಗೆಯೆಂದೇ ತಿಳಿದಿರುತ್ತಾನೆ. ಅದು ನಿಂತಾಗ ಸಿಟ್ಟಾದರೂ ಬೇಗ ಮರೆಯುತ್ತಾನೆ. ಬೆಳೆ ಸಾಲದ ಶೇ. 4 ಅಥವಾ ಶೂನ್ಯ ಬಡ್ಡಿಯು ಕಾಗದದ ಮೇಲೆ ರಿಯಾಯಿತಿಯಾದರೂ, ವರ್ಷ ವರ್ಷ ಅದನ್ನೇ ಕಂಡ ರೈತನಿಗೆ ಅದೇ ಸಹಜ ದರ. ಶೇ. 7 ಅವನಿಗೆ ದಂಡವಾಗಿ ತೋರುತ್ತದೆ. ಕೊಡುವವನು ಕೊಡುಗೆಯೆಂದು ಕರೆದುದನ್ನು ಪಡೆಯುವವನು ಹಕ್ಕೆಂದು ಬಗೆಯುವ ಈ ಅಂತರದಲ್ಲಿಯೇ ಮುಂದಿನ ಘರ್ಷಣೆಯ ಬೀಜವಿದೆ.

ಕಾಣದ ಕಡಿತ

ಮೂರನೆಯ ಬಗೆಯ ಕಡಿತ ಗ್ರಾಹಕನ ಕಣ್ಣಿಗೆ ಬೀಳುವುದೇ ಇಲ್ಲ. ಸಹಕಾರ ಸಂಘವು ರೈತನಿಗೆ ಕೊಡುವ ಹಣ ಅದರ ಸ್ವಂತದ್ದಲ್ಲ. ನಬಾರ್ಡಿನಿಂದ ರಾಜ್ಯ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ಜಿಲ್ಲಾ ಕೇಂದ್ರ ಬ್ಯಾಂಕಿಗೆ, ಅಲ್ಲಿಂದ ಹಳ್ಳಿಯ ಸಂಘಕ್ಕೆ ರಿಯಾಯಿತಿ ದರದ ಪುನರ್ಧನ ಹರಿದುಬರುತ್ತದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಈ ಕೆಲಸ ಮಾಡುವುದು ಧಾರವಾಡದ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕ್. ಅದರ ಸಂಕ್ಷಿಪ್ತ ಹೆಸರೂ ಕೆ.ಸಿ.ಸಿ., ರೈತನ ಕಾರ್ಡಿನ ಸಂಕ್ಷಿಪ್ತ ಹೆಸರೂ ಕೆ.ಸಿ.ಸಿ.

ಕರ್ನಾಟಕಕ್ಕೆ ನಬಾರ್ಡ್ 2023-24ರಲ್ಲಿ 5,600 ಕೋಟಿ ರೂಪಾಯಿ ಪುನರ್ಧನ ಒದಗಿಸಿದ್ದರೆ, 2024-25ಕ್ಕೆ ಮಂಜೂರಾದುದು 2,340 ಕೋಟಿ, ಅಂದರೆ ಶೇ. 58ರಷ್ಟು ಕಡಿತ. ರಾಜ್ಯದ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2024ರ ನವೆಂಬರಿನಲ್ಲಿ ಕೇಂದ್ರ ಅರ್ಥಸಚಿವರನ್ನು ಕಂಡು ಆಕ್ಷೇಪವನ್ನು ಸಲ್ಲಿಸಿದರು. ಆ ಮಟ್ಟದಲ್ಲಿ ಅಹವಾಲು ನಡೆಯಿತು. ಆದರೆ ಇದೇ ಕಡಿತ ಹಳ್ಳಿಗೆ ತಲುಪಿದಾಗ ಅದರ ರೂಪ ಬೇರೆಯಾಗುತ್ತದೆ. ಹೊಸ ಸದಸ್ಯನಿಗೆ ಸಾಲ ಸಿಕ್ಕುವುದಿಲ್ಲ. ಹಳೆಯ ಸದಸ್ಯನ ಮಿತಿ ಏರುವುದಿಲ್ಲ. 5 ಲಕ್ಷದ ಘೋಷಣೆಯನ್ನು ಕೇಳಿ ಬಂದವನಿಗೆ ಸಂಘದ ಕಾರ್ಯದರ್ಶಿ ಮುಂದಿನ ಹಂಗಾಮಿಗೆ ನೋಡೋಣವೆನ್ನುತ್ತಾನೆ. ರೈತನು ದೂರುವುದಾದರೆ ಆ ಕಾರ್ಯದರ್ಶಿಯನ್ನೇ ದೂರಬೇಕು. ಕಡಿತ ದೂರದಲ್ಲಿ, ಸಿಟ್ಟು ಹತ್ತಿರದಲ್ಲಿ.

ಕೇಂದ್ರವು ಸಾಲ ಕೊಡುವ ಸಂಸ್ಥೆಗಳಿಗೆ ನೀಡುವ ಬಡ್ಡಿ ಸಹಾಯಧನವೂ ಹೀಗೆಯೇ. ಹಿಂದೆ ಶೇ. 2 ಇದ್ದ ಅದನ್ನು 2022-23ರಿಂದ ಶೇ. 1.5ಕ್ಕೆ ನಿಗದಿಪಡಿಸಲಾಯಿತು. ರೈತನು ತೆರುವ ಶೇ. 7ರ ದರ ಬದಲಾಗಲಿಲ್ಲವಾದ್ದರಿಂದ ಅವನು ಪ್ರತಿಕ್ರಿಯಿಸುವ ಪ್ರಶ್ನೆಯೇ ಏಳಲಿಲ್ಲ. ಆದರೆ ಅಂಥ ಸಾಲದಿಂದ ಬರುವ ಲಾಭ ಕಡಿಮೆಯಾದಷ್ಟೂ ಅದನ್ನು ಕೊಡುವ ಉತ್ಸಾಹವೂ ಕಡಿಮೆಯಾಗುವುದು ಸಹಜ. ವಿಶ್ರಾಂತಿ ಕೊಠಡಿಯ ನಿಬಂಧನೆ ಬದಲಾದರೆ ಕಾರ್ಡಿನವನಿಗೆ ಮೊಬೈಲಿಗೆ ಸೂಚನೆ ಬರುತ್ತದೆ. ಪುನರ್ಧನ ಅರ್ಧಕ್ಕಿಂತ ಕೆಳಗಿಳಿದರೂ ಬಿತ್ತನೆಗೆ ಸಿದ್ಧನಾದ ರೈತನಿಗೆ ಸೂಚನೆ ಕೊಡಬೇಕೆಂಬ ನಿಯಮವಿಲ್ಲ.

ಮೌನದ ಅರ್ಥ

ರೈತನಿಗೆ ನಿರ್ಗಮನದ ದಾರಿ ಕಿರಿದು. ಸಹಕಾರ ಸಂಘಕ್ಕೆ ಹಳ್ಳಿಗಳ ಎಲ್ಲೆಯಿದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಸೇರುವುದು ಸುಲಭವಲ್ಲ. 1976ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ, 2025ರ ಮೇ 1ರಂದು ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಅದರ ಪ್ರವರ್ತಕ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿತ್ತು. ವಿಲೀನದಿಂದ ಬ್ಯಾಂಕಿನ ಬಲ ಹೆಚ್ಚಬಹುದು; ಗ್ರಾಹಕನ ಆಯ್ಕೆ ಹೆಚ್ಚುವುದಿಲ್ಲ.

ನಿರ್ಗಮನ ಅಸಾಧ್ಯವಾದೆಡೆ ಅಹವಾಲಿಗೆ ಬಾಗಿಲಿರಬೇಕು. ಸಹಕಾರ ತತ್ತ್ವದ ಮಹತ್ತ್ವವಿರುವುದು ಇಲ್ಲಿಯೇ. 1904ರ ಕಾಯಿದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಾಲದ ಸಹಕಾರ ಸಂಘ ಹುಟ್ಟಿತು. ಸಹಕಾರ ಸಂಘದಲ್ಲಿ ಸಾಲಗಾರನು ಗ್ರಾಹಕನಷ್ಟೇ ಅಲ್ಲದೆ ಮತವುಳ್ಳ ಸದಸ್ಯನೂ ಹೌದು. ಸರ್ವಸದಸ್ಯರ ಸಭೆಯಲ್ಲಿ ಎದ್ದು ಕೇಳುವ ಹಕ್ಕು ಅವನಿಗಿದೆ. ಯಶಸ್ವಿನಿ ಆರೋಗ್ಯ ಯೋಜನೆಯ ಇತಿಹಾಸ ಈ ದೃಷ್ಟಿಯಿಂದ ಬೋಧಪ್ರದ. ಸಹಕಾರ ಸಂಘದ ಸದಸ್ಯತ್ವದೊಂದಿಗೆ ಬರುತ್ತಿದ್ದ, 2003ರಿಂದ ನಡೆದ ಆ ಸವಲತ್ತು 2018ರಲ್ಲಿ ಬೇರೊಂದು ಯೋಜನೆಯಲ್ಲಿ ವಿಲೀನಗೊಂಡು ನಿಂತಿತು. ಸದಸ್ಯರಿಗೆ ಅದು ಕಾಣುವ ನಷ್ಟವಾಗಿತ್ತು, ಬೇಡಿಕೆ ಮುಂದುವರಿಯಿತು, 2022-23ರ ಆಯವ್ಯಯದಲ್ಲಿ ಪುನರಾರಂಭ ಘೋಷಿತವಾಗಿ 2023ರ ಜನವರಿ 1ರಿಂದ ಮತ್ತೆ ಜಾರಿಗೆ ಬಂದಿತು.

ಅಹವಾಲಿನ ಬಾಗಿಲು ಮುಚ್ಚಿದ್ದರೆ ಏನಾಗುತ್ತದೆಂಬುದಕ್ಕೆ ನರಗುಂದವೇ ಸಾಕ್ಷಿ. ಬ್ಯಾಂಕಿನ ವಿಷಯವಲ್ಲದಿದ್ದರೂ ಆ ನಿದರ್ಶನ ಇಲ್ಲಿ ಪ್ರಸ್ತುತ. ಮಲಪ್ರಭಾ ಯೋಜನೆಯ ನೀರು ಮೊದಲು ಕೊಡುಗೆಯಾಗಿ ಬಂದಿತು. ಅನಂತರ ಅದರ ಹೆಸರಿನಲ್ಲಿ ಅಭಿವೃದ್ಧಿ ಕರ ಮತ್ತು ನೀರಿನ ಕರದ ಬಾಕಿ ಕೇಳಲಾಯಿತು. ಹತ್ತಿಯ ಬೆಲೆ ಕುಸಿದಿದ್ದ ಕಾಲವದು. ಮನವಿ, ಸಭೆ, ಸತ್ಯಾಗ್ರಹಗಳಿಗೆ ತಕ್ಕ ಉತ್ತರ ದೊರೆಯದೆ, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಚಳವಳಿ ಹಿಂಸೆಗೆ ತಿರುಗಿ, ಗೋಲೀಬಾರು ನಡೆದು, ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಕರ್ನಾಟಕ ರಾಜ್ಯ ರೈತ ಸಂಘದ ಉದಯಕ್ಕೆ ಅದು ಪ್ರೇರಣೆಯಾಯಿತು. ಕಚೇರಿಯ ಕಡತಗಳಲ್ಲಿ ಬಾಕಿಯೆಂದು ಕಂಡದ್ದು ಹೊಲದಲ್ಲಿ ಅನ್ಯಾಯವೆಂದು ಅನುಭವಕ್ಕೆ ಬಂದಿತ್ತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಮಾತುಗಳು ಫಲಿಸುತ್ತವೆ. ಒಂದು, ಸವಲತ್ತಿನ ಕಡಿತಕ್ಕೆ ಬರುವ ಪ್ರತಿಕ್ರಿಯೆಯ ಗದ್ದಲವು ಅದರ ನಷ್ಟಕ್ಕೆ ಅನುಗುಣವಾಗಿರುವುದಿಲ್ಲ. ಆಯ್ಕೆಯೂ ಮಾಹಿತಿಯೂ ಇದ್ದವನು ಗಟ್ಟಿಯಾಗಿ ದೂರುತ್ತಾನೆ, ಎರಡೂ ಇಲ್ಲದವನು ಕೈಗಡ ತರುತ್ತಾನೆ. ಎರಡು, ವಾಯಿದೆಯನ್ನು ಕೊಯ್ಲು ಮತ್ತು ಮಾರಾಟದ ಕಾಲವನ್ನು ನೋಡಿ ನಿಗದಿಪಡಿಸಲು ಬ್ಯಾಂಕುಗಳಿಗೆ ಈಗಿನ ನಿಯಮಗಳಲ್ಲಿಯೇ ಅವಕಾಶವಿದೆ. ಬೆಂಬಲ ಬೆಲೆಯ ಹಣ ಬರುವ ಸಮಯಕ್ಕೆ ಅದನ್ನು ಹೊಂದಿಸಿದರೆ ಬೊಕ್ಕಸಕ್ಕೆ ಹೆಚ್ಚಿನ ಹೊರೆಯಿಲ್ಲದೆ ರೈತನ ನಷ್ಟ ತಪ್ಪುತ್ತದೆ. ಮೂರು, ಪುನರ್ಧನದಲ್ಲಿ ಆದ ಏರಿಳಿತವನ್ನು ಮುಂಗಾರಿಗೆ ಮೊದಲೇ ಸಂಘದ ಫಲಕದ ಮೇಲೆ ಸರಳ ಕನ್ನಡದಲ್ಲಿ ಪ್ರಕಟಿಸುವುದು ಅವಶ್ಯ. ಸಾಮಾನ್ಯ ಕಾರ್ಡಿನವನಿಗೆ ಸಲ್ಲುವ ಒಂದು ತಿಂಗಳ ಮುನ್ಸೂಚನೆ ರೈತನಿಗೂ ಸಲ್ಲತಕ್ಕದ್ದು.

ಈ ಪ್ರದೇಶದ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಇಂಥ ಕಾರ್ಡು, ಪಾಸುಪುಸ್ತಕಗಳಿರುತ್ತವೆ. ಸಾಲ ತುಂಬಿದ ದಿನ, ಹೊಸ ಸಾಲ ಎತ್ತಿದ ದಿನ, ಪೀಕು ಮಾರಿದ ದಿನ ಇವು ಮೂರನ್ನೂ ಒಂದರ ಪಕ್ಕದಲ್ಲೊಂದು ಬರೆದು ನೋಡಿದರೆ ಸಾಕು. ಪೀಕು ಮಾರುವ ಮೊದಲೇ ಸಾಲ ತೀರಿದ್ದರೆ ಆ ಹಣ ಎಲ್ಲಿಂದ ಬಂದಿತೆಂದು ಮನೆಯಲ್ಲಿ ಕೇಳಬೇಕು. ಬ್ಯಾಂಕಿನ ಯಾವ ದೂರಿನ ಪುಸ್ತಕದಲ್ಲಿಯೂ ದಾಖಲಾಗದ ಪ್ರತಿಕ್ರಿಯೆ ಆ ಉತ್ತರದಲ್ಲಿ ದೊರೆಯುತ್ತದೆ.